5, 3, 2.7, 1.7 ಮೈಕ್ರಾನ್: ದುಡ್ಡು ಕಡಿಮೆ ಇರುವ ಲ್ಯಾಬ್‌ಗೆ ಯಾವ ಎಚ್‌ಪಿಎಲ್‌ಸಿ ಕಾಲಮ್?

ಎಂ.ಫಾರ್ಮ್, ಎಂ.ಎಸ್ಸಿ. ವಿದ್ಯಾರ್ಥಿಗಳು, ಅವರ ಗೈಡ್‌ಗಳು, ಸಣ್ಣ ಟೆಸ್ಟಿಂಗ್ ಲ್ಯಾಬ್ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಈ ವರ್ಷ ಒಂದೋ ಎರಡೋ ಕಾಲಮ್ ಕೊಳ್ಳುವಷ್ಟು ದುಡ್ಡಿದೆ. 5 ಮೈಕ್ರಾನ್ ತಗೊಳ್ಳೋದಾ, 3 ತಗೊಳ್ಳೋದಾ, ಇಲ್ಲ 1.7ಕ್ಕೇ ಹೋಗಿಬಿಡೋದಾ?" ಕಾಲಮ್ ಮಾರುವವರನ್ನು ಕೇಳಿದರೆ ಕಣ ಚಿಕ್ಕದಾದಷ್ಟೂ ಒಳ್ಳೆಯದು ಅನ್ನುತ್ತಾರೆ. ಲ್ಯಾಬ್‌ನ ಹಳಬರನ್ನು ಕೇಳಿದರೆ 250 ಮಿ.ಮೀ., 5 ಮೈಕ್ರಾನ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಣದ ಗಾತ್ರವನ್ನು ತೀರ್ಮಾನಿಸುವುದು ನಿಮ್ಮ ಹತ್ತಿರ ಈಗಾಗಲೇ ಇರುವ ಯಂತ್ರ, ಮತ್ತು ನಿಮ್ಮ ಪೀಕ್‌ಗಳ ನಡುವೆ ಈಗ ಇರುವ ಅಂತರ. ಈ ಎರಡನ್ನೂ ಅಳೆದ ಮೇಲೆ ಕ್ಯಾಟಲಾಗ್ ತೆರೆಯಿರಿ. ಅಳೆಯಲು ಅರ್ಧ ದಿನ ಸಾಕು, ಖರ್ಚೂ ಹೆಚ್ಚಿಲ್ಲ.

ಶುರು ಮಾಡುವ ಮುಂಚೆ ಕೆಲವು ಪದಗಳು ಗೊತ್ತಿರಲಿ. ಎಚ್‌ಪಿಎಲ್‌ಸಿ ಅಂದರೆ ಮಿಶ್ರಣವನ್ನು ದ್ರವದ (ಸಾಲ್ವೆಂಟ್) ಜೊತೆ ಒತ್ತಡದಲ್ಲಿ ಕಾಲಮ್ ಮೂಲಕ ಹರಿಸಿ, ಅದರಲ್ಲಿರುವ ವಸ್ತುಗಳನ್ನು ಬಿಡಿಸಿ ಅಳೆಯುವ ಯಂತ್ರ. ಹೊರಬರುವ ಒಂದೊಂದು ವಸ್ತುವೂ ಗ್ರಾಫ್‌ನಲ್ಲಿ ಒಂದು ಶಿಖರವಾಗಿ ಕಾಣುತ್ತದೆ, ಅದೇ ಪೀಕ್. ಆ ಗ್ರಾಫೇ ಕ್ರೊಮಾಟೊಗ್ರಾಮ್. ಕಾಲಮ್ ಅಂದರೆ ಸಿಲಿಕಾ ಕಣಗಳನ್ನು ಒತ್ತಿ ತುಂಬಿದ ಸ್ಟೀಲ್ ಕೊಳವೆ. ಆ ಕಣದ ವ್ಯಾಸವೇ ಪಾರ್ಟಿಕಲ್ ಸೈಜ್. ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಪ್ಲೇಟ್ ಕೌಂಟ್ (ಮುಂದೆ 'ಎನ್' ಅನ್ನುತ್ತೇನೆ) ಕಾಲಮ್ ಎಷ್ಟು ಸಪೂರವಾದ ಪೀಕ್ ಕೊಡುತ್ತದೆ ಅನ್ನುವುದರ ಅಳತೆ. ರೆಸಲ್ಯೂಷನ್ ಅಂದರೆ ಪಕ್ಕಪಕ್ಕದ ಎರಡು ಪೀಕ್ ಎಷ್ಟು ಬಿಡಿಯಾಗಿ ಬಂದಿವೆ ಅನ್ನುವ ಅಂಕಿ. ಅದು 1.5 ಇದ್ದರೆ ಎರಡು ಪೀಕ್ ಬುಡದವರೆಗೂ ಬೇರೆಯಾಗಿವೆ ಎಂದರ್ಥ. ದಿನನಿತ್ಯದ ಕೆಲಸಕ್ಕೆ 2 ಇದ್ದರೆ ನೆಮ್ಮದಿ.

ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಯಂತ್ರದ ಮ್ಯಾನ್ಯುಯಲ್. ಈಗ ಬಳಸುತ್ತಿರುವ ಕಾಲಮ್‌ನ ಅಳತೆ ಮತ್ತು ಅದರಲ್ಲಿ ಬಂದ ಒಂದು ಒಳ್ಳೆಯ ಕ್ರೊಮಾಟೊಗ್ರಾಮ್. ದಿನಕ್ಕೆ ಎಷ್ಟು ಇಂಜೆಕ್ಷನ್ ಹಾಕುತ್ತೀರಿ ಅನ್ನುವ ಅಂದಾಜು. ಕಾಲಮ್ ಜಾಗದಲ್ಲಿ ಹಾಕಲು ಒಂದು ಜೀರೋ ಡೆಡ್ ವಾಲ್ಯೂಮ್ ಯೂನಿಯನ್, ಅಂದರೆ ಒಳಗೆ ಖಾಲಿ ಜಾಗ ಇಲ್ಲದ ಪುಟ್ಟ ಜೋಡಣೆ. ಸ್ವಲ್ಪ ಕೆಫೀನ್. ಇಷ್ಟೇ.

ಹಂತ 1: ಪಂಪ್ ಎಷ್ಟು ಒತ್ತಡ ತಡೆಯುತ್ತದೆ ನೋಡಿ

ನಮ್ಮ ಕಾಲೇಜುಗಳಲ್ಲಿ ಇರುವ ಹೆಚ್ಚಿನ ಎಚ್‌ಪಿಎಲ್‌ಸಿಗಳ ಮಿತಿ 350ರಿಂದ 400 ಬಾರ್. ಕೆಲವು ಹೊಸ ಮಾದರಿಗಳು 600 ಬಾರ್ ತನಕ ಹೋಗುತ್ತವೆ. ಯುಎಚ್‌ಪಿಎಲ್‌ಸಿ ಅನ್ನುವ ಯಂತ್ರಗಳು 1000 ಬಾರ್ ಮತ್ತು ಅದಕ್ಕೂ ಮೇಲೆ. ನಿಮ್ಮದರ ಮಿತಿ ಮ್ಯಾನ್ಯುಯಲ್‌ನಲ್ಲಿ ನೋಡಿ. ಪಿಎಸ್‌ಐನಲ್ಲಿ ಕೊಟ್ಟಿದ್ದರೆ 14.5ರಿಂದ ಭಾಗಿಸಿ, ಬಾರ್ ಸಿಗುತ್ತದೆ.

ಆ ಮಿತಿಯ ಮೂರನೇ ಎರಡು ಭಾಗವನ್ನು ನಿಮ್ಮ 'ನಿಜವಾದ ಮಿತಿ' ಎಂದುಕೊಳ್ಳಿ. 400 ಬಾರ್ ಪಂಪ್ ಇದ್ದರೆ ಲೆಕ್ಕಕ್ಕೆ 260–270 ಬಾರ್. ಕಾರಣ ಇಷ್ಟೇ: ಹೊಸ ಕಾಲಮ್‌ನ ಒತ್ತಡ ಹಾಗೇ ಉಳಿಯುವುದಿಲ್ಲ, ಬಳಸುತ್ತಾ ಏರುತ್ತದೆ. ಮೊದಲ ದಿನವೇ 380 ತೋರಿಸುವ ಕಾಲಮ್ ತಂದರೆ ಸ್ವಲ್ಪ ದಿನಕ್ಕೇ ಪಂಪ್ ನಿಂತುಕೊಳ್ಳುತ್ತದೆ. ಹಳೆಯ ಪಂಪ್ ಸೀಲ್‌ಗಳಿಗೂ ದಿನವಿಡೀ ಅಷ್ಟು ಒತ್ತಡ ಒಳ್ಳೆಯದಲ್ಲ. ಸೀಲ್ ಬದಲಾಯಿಸುವ ಸರ್ವೀಸ್ ಖರ್ಚೂ ಕಾಲಮ್ ಖರ್ಚಿನ ಭಾಗವೇ ಅಲ್ವಾ?

ಹಂತ 2: ಕಾಲಮ್ ಹೊರಗಿನ ಜಾಗ ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ದುಡ್ಡು ಜಾಸ್ತಿ ಹಾಳಾಗುವುದೂ ಇಲ್ಲೇ.

ಇಂಜೆಕ್ಟರ್‌ನಿಂದ ಡಿಟೆಕ್ಟರ್ ತನಕ ಸಣ್ಣ ಟ್ಯೂಬ್‌ಗಳಿವೆ, ಜೋಡಣೆಗಳಿವೆ, ಡಿಟೆಕ್ಟರ್ ಒಳಗೆ ಫ್ಲೋ ಸೆಲ್ ಇದೆ. ಕಾಲಮ್ ಎಷ್ಟೇ ಚೂಪಾದ ಪೀಕ್ ಕೊಟ್ಟರೂ ಈ ಜಾಗದಲ್ಲಿ ಅದು ಹರಡಿಕೊಳ್ಳುತ್ತದೆ. ಇದಕ್ಕೆ ಎಕ್ಸ್‌ಟ್ರಾ-ಕಾಲಮ್ ಬ್ಯಾಂಡ್ ಹರಡುವಿಕೆ ಅನ್ನುತ್ತಾರೆ. ಅಳೆಯುವ ರೀತಿ ಹೀಗೆ:

ಕಾಲಮ್ ತೆಗೆದು ಯೂನಿಯನ್ ಹಾಕಿ. ಫ್ಲೋ ನಿಮಿಷಕ್ಕೆ 0.5 ಎಂಎಲ್ ಇಡಿ. ಡಿಟೆಕ್ಟರ್‌ನ ಡೇಟಾ ರೇಟ್ ಅತಿ ಹೆಚ್ಚಿಗೆ, ಟೈಮ್ ಕಾನ್‌ಸ್ಟಂಟ್ ಅತಿ ಕಡಿಮೆಗೆ ಇಡಿ. ತೆಳುವಾದ ಕೆಫೀನ್ ದ್ರಾವಣ 1 ಮೈಕ್ರೊಲೀಟರ್ ಇಂಜೆಕ್ಟ್ ಮಾಡಿ. ಬಂದ ಪೀಕ್‌ನ ಅರ್ಧ ಎತ್ತರದಲ್ಲಿ ಅಗಲ ಎಷ್ಟು ನಿಮಿಷ ಎಂದು ನೋಡಿ. ಅದನ್ನು ಫ್ಲೋ ರೇಟ್‌ನಿಂದ ಗುಣಿಸಿ, ಆಮೇಲೆ 1.7ರಿಂದ ಗುಣಿಸಿ. ಉದಾಹರಣೆಗೆ ಅಗಲ 0.047 ನಿಮಿಷ ಇದ್ದರೆ 0.047 × 0.5 × 1.7 = ಸುಮಾರು 0.040 ಎಂಎಲ್, ಅಂದರೆ 40 ಮೈಕ್ರೊಲೀಟರ್. ಯಂತ್ರ ತಾನಾಗಿ ಪೀಕನ್ನು ಇಷ್ಟು ಅಗಲ ಮಾಡುತ್ತದೆ ಎಂದರ್ಥ. (ಕಾಲಮ್ ಇಲ್ಲದೆ ಒತ್ತಡ ತೀರಾ ಕಡಿಮೆಯಾಗಿ ಪಂಪ್ ತೊಳಲಾಡಿದರೆ, ಇಂಜೆಕ್ಟರ್‌ಗಿಂತ ಮುಂಚೆ ಒಂದು ಹಳೆಯ ಕಾಲಮ್ ಸೇರಿಸಿಕೊಳ್ಳಿ. ಇಂಜೆಕ್ಟರ್ ಆದಮೇಲೆ ಬೇಡ.)

ಈಗ ಈ 40 ಮೈಕ್ರೊಲೀಟರನ್ನು ಬೇರೆ ಬೇರೆ ಕಾಲಮ್ ಕೊಡುವ ಪೀಕ್ ಅಗಲದ ಜೊತೆ ಹೋಲಿಸಿ. ರಿಟೆನ್ಷನ್ ಫ್ಯಾಕ್ಟರ್ 2 ಇರುವ, ಅಂದರೆ ತೀರಾ ಬೇಗ ಅಲ್ಲದ, ತೀರಾ ತಡವೂ ಅಲ್ಲದ ಒಂದು ಪೀಕ್‌ಗೆ ಅಂದಾಜು ಲೆಕ್ಕ ಹೀಗೆ ಬರುತ್ತದೆ:

- 250 × 4.6 ಮಿ.ಮೀ., 5 ಮೈಕ್ರಾನ್: ಸುಮಾರು 200 ಮೈಕ್ರೊಲೀಟರ್
- 150 × 4.6, 3 ಮೈಕ್ರಾನ್: ಸುಮಾರು 125
- 100 × 4.6, 2.7 ಮೈಕ್ರಾನ್ ಕೋರ್-ಶೆಲ್ (ಒಳಗೆ ಗಟ್ಟಿ ತಿರುಳು ಇರುವ ಕಣ, ಹಂತ 5ರಲ್ಲಿ ವಿವರ ಇದೆ): ಸುಮಾರು 80
- 150 × 3.0, 3 ಮೈಕ್ರಾನ್: ಸುಮಾರು 55
- 50 × 2.1, 1.7 ಮೈಕ್ರಾನ್: ಸುಮಾರು 12

ಇವು ನೇರವಾಗಿ ಕೂಡುವುದಿಲ್ಲ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಮೊದಲನೆಯದರಲ್ಲಿ 200 ಇದ್ದದ್ದು 204 ಆಗುತ್ತದೆ, ಗೊತ್ತೂ ಆಗುವುದಿಲ್ಲ. 80 ಇದ್ದದ್ದು 89 ಆಗುತ್ತದೆ, ಸಹಿಸಿಕೊಳ್ಳಬಹುದು. 55 ಇದ್ದದ್ದು 68. ಕೊನೆಯದನ್ನು ನೋಡಿ: 12 ಇದ್ದದ್ದು ಸುಮಾರು 42! ಮೂರೂವರೆ ಪಟ್ಟು ಅಗಲ. ಅಷ್ಟು ದುಡ್ಡು ಕೊಟ್ಟು ತಂದ 1.7 ಮೈಕ್ರಾನ್ ಕಾಲಮ್ ಹಳೆಯ ಯಂತ್ರದಲ್ಲಿ ನಿಮ್ಮ ಹಳೇ ಕಾಲಮ್‌ಗಿಂತಲೂ ಕೆಟ್ಟ ಪೀಕ್ ಕೊಡುತ್ತದೆ. ಇದು ಕಾಲಮ್ ತಪ್ಪಲ್ಲ. "ಕಾಲಮ್ ಸರಿಯಿಲ್ಲ" ಅಂತ ಕಂಪನಿಗೆ ಬರೆಯುವ ಮುಂಚೆ ಈ ಅಳತೆ ಮಾಡಿ.

ಒಂದು ಅಗ್ಗದ ಪರಿಹಾರ ಇದೆ. ಹಳೆಯ ಯಂತ್ರಗಳಲ್ಲಿ 0.25 ಮಿ.ಮೀ. ಒಳವ್ಯಾಸದ ಟ್ಯೂಬ್ ಇರುವುದುಂಟು. ಅದು ಮೀಟರಿಗೆ 49 ಮೈಕ್ರೊಲೀಟರ್ ಹಿಡಿಯುತ್ತದೆ. 0.17 ಮಿ.ಮೀ. ಟ್ಯೂಬ್ ಹಿಡಿಯುವುದು ಸುಮಾರು 23. ಇಂಜೆಕ್ಟರ್–ಕಾಲಮ್, ಕಾಲಮ್–ಡಿಟೆಕ್ಟರ್ ನಡುವಿನ ಟ್ಯೂಬನ್ನು 0.17ಕ್ಕೆ ಬದಲಿಸಿ, ಬೇಕಾದಷ್ಟೇ ಉದ್ದ ಇಟ್ಟರೆ ಬಹಳ ವ್ಯತ್ಯಾಸ ಬರುತ್ತದೆ. ಕಾಲಮ್ ಕೊಳ್ಳುವ ಮುಂಚೆ ಮಾಡಬೇಕಾದ ಖರ್ಚು ಇದು. ಆದರೆ 0.12ಕ್ಕೆ ಹೋಗಬೇಡಿ. ಕೊಳಕು ಸ್ಯಾಂಪಲ್ ಹಾಕುವ ಲ್ಯಾಬ್‌ನಲ್ಲಿ ಅದು ಕಟ್ಟಿಕೊಳ್ಳುವುದೇ ಜಾಸ್ತಿ.

ಹಂತ 3: ನಿಮಗೆ ನಿಜವಾಗಿ ಎಷ್ಟು ಎನ್ ಬೇಕು?

ಕಣ ಚಿಕ್ಕದಾದರೆ ಎನ್ ಹೆಚ್ಚುತ್ತದೆ, ನಿಜ. ಉದ್ದ ಅಷ್ಟೇ ಇಟ್ಟು ಕಣವನ್ನು ಅರ್ಧ ಮಾಡಿದರೆ ಎನ್ ಎರಡು ಪಟ್ಟು. ಆದರೆ ರೆಸಲ್ಯೂಷನ್ ಹೆಚ್ಚುವುದು ಎನ್‌ನ ವರ್ಗಮೂಲದಷ್ಟು ಮಾತ್ರ. ಅಂದರೆ 1.4 ಪಟ್ಟು. ಅದಕ್ಕೆ ಕೊಡುವ ಬೆಲೆ ನಾಲ್ಕು ಪಟ್ಟು ಒತ್ತಡ.

ಹಾಗಾಗಿ ಈಗಿನ ಕ್ರೊಮಾಟೊಗ್ರಾಮ್ ಮುಂದಿಟ್ಟುಕೊಂಡು ಅತಿ ಹತ್ತಿರದ ಎರಡು ಪೀಕ್‌ಗಳ ರೆಸಲ್ಯೂಷನ್ ನೋಡಿ. ಮೂರು ಸಾಧ್ಯತೆಗಳಿವೆ.

ರೆಸಲ್ಯೂಷನ್ ಈಗಾಗಲೇ 3 ಇದೆ ಅಂದುಕೊಳ್ಳಿ. ಕಾಲಮ್ 250 ಮಿ.ಮೀ., 5 ಮೈಕ್ರಾನ್, ಎನ್ ಸುಮಾರು 20,000. ಅದೇ 5 ಮೈಕ್ರಾನ್‌ನ 150 ಮಿ.ಮೀ. ಕಾಲಮ್ ಹಾಕಿದರೆ ಎನ್ 12,000 ಆಗುತ್ತದೆ, ರೆಸಲ್ಯೂಷನ್ ಸುಮಾರು 2.3. ಸಾಕಷ್ಟಾಯಿತು. ಸಮಯವೂ ಸಾಲ್ವೆಂಟೂ 40 ಶೇಕಡಾ ಉಳಿಯಿತು. ಒತ್ತಡವೂ ಇಳಿಯಿತು. ಚಿಕ್ಕ ಕಣದ ಮಾತೇ ಬರಲಿಲ್ಲ! ಫಾರ್ಮಸಿ ಕಾಲೇಜುಗಳಲ್ಲಿ ಮಾಡುವ ಎಷ್ಟೋ ಅಸ್ಸೇ ಕೆಲಸ, ಅಂದರೆ ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂದು ಅಳೆಯುವ ಕೆಲಸ, ಈ ಗುಂಪಿಗೇ ಸೇರುತ್ತದೆ. ಸುಮ್ನೆ ಅಭ್ಯಾಸಬಲದಿಂದ 250 ಮಿ.ಮೀ. ಬಳಸುತ್ತಿರುತ್ತೇವೆ.

ರೆಸಲ್ಯೂಷನ್ 1.2 ಇಂದ 1.5ರ ನಡುವೆ ಇದೆ, ಇಂಪ್ಯೂರಿಟಿಗಳು ಸಾಲಾಗಿ ಬರುತ್ತಿವೆ ಅಂದರೆ ಎನ್ ಹೆಚ್ಚಿಸುವುದರಿಂದ ಲಾಭ ಇದೆ. ಚಿಕ್ಕ ಕಣ ಅಥವಾ ಕೋರ್-ಶೆಲ್ ಯೋಚಿಸಬೇಕಾದ ಜಾಗ ಇದು.

ಎರಡು ಪೀಕ್ ಒಂದರ ಮೇಲೊಂದು ಕೂತಿವೆ, ರೆಸಲ್ಯೂಷನ್ 0.5ಕ್ಕೂ ಕಡಿಮೆ. ಇಲ್ಲಿ ಯಾವ ಕಣವೂ ಕಾಪಾಡುವುದಿಲ್ಲ. ಬದಲಾಯಿಸಬೇಕಾದ್ದು ಸೆಲೆಕ್ಟಿವಿಟಿ, ಅಂದರೆ ಎರಡು ವಸ್ತುಗಳನ್ನು ಕಾಲಮ್ ಬೇರೆ ಬೇರೆಯಾಗಿ ಹಿಡಿಯುವ ಗುಣ. ಮೆಥನಾಲ್ ಬದಲು ಅಸಿಟೋನೈಟ್ರೈಲ್ ಹಾಕಿ ನೋಡಿ. ಬಫರ್‌ನ ಪಿಎಚ್ ಬದಲಿಸಿ. ಸಿ18 (ಸಿಲಿಕಾಕ್ಕೆ 18 ಕಾರ್ಬನ್‌ಗಳ ಸರಪಳಿ ಅಂಟಿಸಿದ ಸಾಮಾನ್ಯ ಕಾಲಮ್) ಬದಲು ಫೀನೈಲ್ ಕಾಲಮ್ ಸ್ನೇಹಿತರ ಲ್ಯಾಬ್‌ನಿಂದ ಎರಡು ದಿನಕ್ಕೆ ತಂದು ಪ್ರಯತ್ನಿಸಿ. ಈ ಸಮಸ್ಯೆಗೆ 1.7 ಮೈಕ್ರಾನ್ ಕೊಳ್ಳಲು ಹೊರಟವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಿಎಚ್ ಬದಲಿಸಲು ಬೇಕಾದ್ದು ಒಂದಿಷ್ಟು ಆಸಿಡ್, ಅಷ್ಟೇ.

ಹಂತ 4: ಒತ್ತಡದ ಲೆಕ್ಕ ಕಾಗದದ ಮೇಲೆ ಮಾಡಿ

ಜಲ್ಲಿಕಲ್ಲಿನ ರಾಶಿಯ ಮೇಲೆ ನೀರು ಸುರಿದರೆ ಥಟ್ಟನೆ ಇಳಿಯುತ್ತದೆ, ನುಣ್ಣನೆ ಮರಳಿನ ಮೇಲೆ ಸುರಿದರೆ ನಿಂತು ನಿಂತು ಇಳಿಯುತ್ತದೆ. ಕಾಲಮ್‌ನಲ್ಲೂ ಅದೇ. ಉದ್ದ, ವ್ಯಾಸ, ಫ್ಲೋ ಎಲ್ಲ ಒಂದೇ ಇದ್ದರೆ ಒತ್ತಡವು ಕಣದ ಗಾತ್ರದ ವರ್ಗಕ್ಕೆ ಉಲ್ಟಾ ಏರುತ್ತದೆ. 5ರಿಂದ 3 ಮೈಕ್ರಾನ್‌ಗೆ ಹೋದರೆ 2.8 ಪಟ್ಟು. 2.7ಕ್ಕೆ ಹೋದರೆ 3.4 ಪಟ್ಟು. 1.7ಕ್ಕೆ ಹೋದರೆ 8.7 ಪಟ್ಟು.

ಚಿಕ್ಕ ಕಣಕ್ಕೆ ಒಪ್ಪುವ ಫ್ಲೋ ರೇಟೂ ಹೆಚ್ಚು. ಕಣ ಅರ್ಧವಾದರೆ ಅದಕ್ಕೆ ಹೊಂದುವ ವೇಗ ಎರಡು ಪಟ್ಟು. ಈ ವೇಗದಲ್ಲಿ ಓಡಿಸಿದಾಗಲೇ ಚಿಕ್ಕ ಕಣದ ಪೂರ್ತಿ ಲಾಭ. ಆದರೆ ಆಗ ಒತ್ತಡ ಇನ್ನಷ್ಟು ಏರುತ್ತದೆ.

ಒಂದು ನಿಜವಾದ ಲೆಕ್ಕ ಮಾಡೋಣ. 250 × 4.6, 5 ಮೈಕ್ರಾನ್, ನಿಮಿಷಕ್ಕೆ 1 ಎಂಎಲ್, ಅಸಿಟೋನೈಟ್ರೈಲ್–ನೀರು ಮೊಬೈಲ್ ಫೇಸ್ (ಕಾಲಮ್ ಮೂಲಕ ಹರಿಯುವ ದ್ರವ). ಒತ್ತಡ ಸುಮಾರು 100 ಬಾರ್ ಬರುತ್ತದೆ. ಅರ್ಧ ಗಂಟೆಯ ರನ್. ಇದನ್ನು 150 × 4.6, 3 ಮೈಕ್ರಾನ್‌ಗೆ ಬದಲಿಸಿದರೆ ಎನ್ ಹೆಚ್ಚುಕಡಿಮೆ ಅಷ್ಟೇ. 1 ಎಂಎಲ್ ಫ್ಲೋನಲ್ಲೇ ಇಟ್ಟರೆ ಒತ್ತಡ 170 ಬಾರ್, ರನ್ 18 ನಿಮಿಷ, ಸಾಲ್ವೆಂಟ್ 18 ಎಂಎಲ್. ಫ್ಲೋ 1.67ಕ್ಕೆ ಏರಿಸಿದರೆ ಒತ್ತಡ ಸುಮಾರು 280 ಬಾರ್, ರನ್ 11 ನಿಮಿಷದ ಹತ್ತಿರ, ಸಾಲ್ವೆಂಟ್ ಮತ್ತೆ 18 ಎಂಎಲ್. ಗಮನಿಸಿದಿರಾ? ವೇಗ ಹೆಚ್ಚಿಸಿದರೆ ಸಮಯ ಉಳಿಯುತ್ತದೆಯೇ ಹೊರತು ಸಾಲ್ವೆಂಟ್ ಉಳಿಯುವುದಿಲ್ಲ. ದಿನಕ್ಕೆ ಎಂಟು ಇಂಜೆಕ್ಷನ್ ಹಾಕುವ ಲ್ಯಾಬ್‌ಗೆ 18 ನಿಮಿಷವೇ ಧಾರಾಳ. ಪಂಪನ್ನು ಯಾಕೆ ದಂಡಿಸಬೇಕು?

ಇಲ್ಲೊಂದು ಗುಂಡಿ ಇದೆ. ಮೇಲಿನ ಅಂಕಿಗಳು ಅಸಿಟೋನೈಟ್ರೈಲ್‌ದು. ಮೆಥನಾಲ್ ಮತ್ತು ನೀರು ಅರ್ಧರ್ಧ ಬೆರೆಸಿದರೆ ಎರಡರಲ್ಲಿ ಯಾವುದಕ್ಕಿಂತಲೂ ಗಟ್ಟಿಯಾದ, ಅಂದರೆ ಸ್ನಿಗ್ಧತೆ ಹೆಚ್ಚಿರುವ ದ್ರವ ಆಗುತ್ತದೆ. ಒತ್ತಡ ಒಂದೂವರೆ ಪಟ್ಟಿಗೂ ಹೆಚ್ಚು. ಆ 280 ಬಾರ್ ಸೀದಾ 400 ದಾಟುತ್ತದೆ, ಪಂಪ್ ಟ್ರಿಪ್. ಮೆಥನಾಲ್ ಅಗ್ಗ ಅಂತ ಅದನ್ನೇ ಬಳಸುವ ಲ್ಯಾಬ್‌ಗಳು 3 ಮೈಕ್ರಾನ್ ಕೊಳ್ಳುವ ಮುಂಚೆ ಇದನ್ನು ಮರೆಯಬೇಡಿ. ಕಾಲಮ್ ಓವನ್ ಇದ್ದರೆ 40 ಡಿಗ್ರಿಗೆ ಇಡಿ. ಒತ್ತಡ ಚೆನ್ನಾಗಿ ಇಳಿಯುತ್ತದೆ. ಜೊತೆಗೆ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ರೂಮಿನ ಬಿಸಿ ಏರಿಳಿದು ರಿಟೆನ್ಷನ್ ಸಮಯ (ಪೀಕ್ ಹೊರಬರುವ ಸಮಯ) ಓಡಾಡುವ ತಲೆನೋವೂ ತಪ್ಪುತ್ತದೆ.

ಹಂತ 5: ಈಗ ಕಣ ಆರಿಸಿ

*5 ಮೈಕ್ರಾನ್, ಪೂರ್ತಿ ರಂಧ್ರ ಇರುವ ಸಾಮಾನ್ಯ ಕಣ.* ತಾಳಿಕೆ ಜಾಸ್ತಿ. ಎರಡೂ ಕೊನೆಯಲ್ಲಿರುವ ಫ್ರಿಟ್ (ಕಣ ಹೊರಗೆ ಹೋಗದಂತೆ ತಡೆಯುವ ಜರಡಿ) ಸಾಮಾನ್ಯವಾಗಿ 2 ಮೈಕ್ರಾನ್ ರಂಧ್ರದ್ದು, ಬೇಗ ಕಟ್ಟಿಕೊಳ್ಳುವುದಿಲ್ಲ. ಗಿಡಮೂಲಿಕೆ ಎಕ್ಸ್‌ಟ್ರಾಕ್ಟ್, ಪ್ಲಾಸ್ಮಾ, ಆಹಾರದ ಸ್ಯಾಂಪಲ್, ಕಲಿಯುತ್ತಿರುವ ವಿದ್ಯಾರ್ಥಿಗಳ ಕೈ, ಎಲ್ಲಕ್ಕೂ ಇದೇ ಸರಿ.

*3 ಅಥವಾ 3.5 ಮೈಕ್ರಾನ್.* 400 ಬಾರ್ ಯಂತ್ರದಲ್ಲಿ ಆರಾಮವಾಗಿ ನಡೆಯುತ್ತದೆ, ಉದ್ದ 150 ಮಿ.ಮೀ. ದಾಟಬಾರದು ಅಷ್ಟೇ. ಫ್ರಿಟ್ ಸಾಮಾನ್ಯವಾಗಿ 0.5 ಮೈಕ್ರಾನ್ ಆಸುಪಾಸು. ಆದ್ದರಿಂದ ಸ್ಯಾಂಪಲ್ ಶೋಧಿಸುವ ಶಿಸ್ತು ಬೇಕು.

*2.6–2.7 ಮೈಕ್ರಾನ್ ಕೋರ್-ಶೆಲ್.* ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಳಗೆ ರಂಧ್ರವೇ ಇಲ್ಲದ ಗಟ್ಟಿ ತಿರುಳು, ಸುತ್ತ ತೆಳುವಾದ ರಂಧ್ರದ ಪದರ. 2006ರಲ್ಲಿ ಮಾರುಕಟ್ಟೆಗೆ ಬಂದ 2.7 ಮೈಕ್ರಾನ್ ಕಣದಲ್ಲಿ ತಿರುಳು 1.7 ಮೈಕ್ರಾನ್, ಪದರ 0.5 ಮೈಕ್ರಾನ್. ವಸ್ತುಗಳು ಕಣದೊಳಗೆ ಆಳಕ್ಕೆ ಹೋಗಿ ಬರಬೇಕಾಗಿಲ್ಲ. ಕಣಗಳ ಗಾತ್ರವೂ ಬಹಳ ಸಮ, ತುಂಬುವುದೂ ಅಚ್ಚುಕಟ್ಟು. ಹಾಗಾಗಿ 2 ಮೈಕ್ರಾನ್‌ಗಿಂತ ಚಿಕ್ಕ ಕಣದ ಹತ್ತಿರ ಹತ್ತಿರ ಎನ್ ಸಿಗುತ್ತದೆ, ಒತ್ತಡ ಮಾತ್ರ 3 ಮೈಕ್ರಾನ್‌ಗಿಂತ ಸ್ವಲ್ಪ ಹೆಚ್ಚು. 100 ಮಿ.ಮೀ. ಉದ್ದದ್ದು 250 ಮಿ.ಮೀ., 5 ಮೈಕ್ರಾನ್ ಕೊಡುವಷ್ಟೇ ಎನ್ ಕೊಡಬಲ್ಲದು, ಸುಮಾರು 140 ಬಾರ್‌ನಲ್ಲಿ. ಇನ್ನೊಂದು ಲಾಭ: ಕಣದ ಗಾತ್ರ ಸಮ ಇರುವುದರಿಂದ ಕೆಲವು ಕಂಪನಿಗಳು ಇದಕ್ಕೂ 2 ಮೈಕ್ರಾನ್ ಫ್ರಿಟ್ ಹಾಕುತ್ತವೆ. ಕೊಳ್ಳುವಾಗ ಇದನ್ನು ಕೇಳಿಯೇ ಕೇಳಿ. ತೊಂದರೆ ಏನೆಂದರೆ ತಿರುಳು ಗಟ್ಟಿ ಆದ್ದರಿಂದ ರಂಧ್ರದ ಭಾಗ ಕಣದ ಮುಕ್ಕಾಲು ಮಾತ್ರ. ದಪ್ಪ ಸ್ಯಾಂಪಲ್ ಹಾಕಿದರೆ ಪೀಕ್ ಬೇಗ ವಕ್ರವಾಗುತ್ತದೆ. ಇಂಜೆಕ್ಷನ್ ಪ್ರಮಾಣ ಕಡಿಮೆ ಇಡಬೇಕು.

*5 ಮೈಕ್ರಾನ್ ಕೋರ್-ಶೆಲ್.* ಇದನ್ನು ಯಾರೂ ಕೇಳುವುದೇ ಇಲ್ಲ, ಕೇಳಬೇಕು. ಒತ್ತಡ ಸಾಮಾನ್ಯ 5 ಮೈಕ್ರಾನ್‌ನಷ್ಟೇ, ಎನ್ ಮಾತ್ರ 3 ಮೈಕ್ರಾನ್ ಹತ್ತಿರ ಹೋಗುತ್ತದೆ. ಹಳೆಯ ಪಂಪ್, ಮೆಥನಾಲ್ ಮೊಬೈಲ್ ಫೇಸ್ ಇರುವ ಲ್ಯಾಬ್‌ಗೆ ನನ್ನ ಮೊದಲ ಸಲಹೆ ಇದೇ.

*2 ಮೈಕ್ರಾನ್‌ಗಿಂತ ಚಿಕ್ಕದು.* 2004ರಲ್ಲಿ 1.7 ಮೈಕ್ರಾನ್ ಕಣದ ಜೊತೆ ಅದಕ್ಕೆಂದೇ ಬೇರೆ ಯಂತ್ರವನ್ನೂ ಮಾರುಕಟ್ಟೆಗೆ ತಂದರು. ಕಣ ಮತ್ತು ಯಂತ್ರ ಜೋಡಿಯಾಗೇ ಬಂದವು, ಜೋಡಿಯಾಗೇ ಬಳಸಬೇಕು. ಯುಎಚ್‌ಪಿಎಲ್‌ಸಿ ಇಲ್ಲದಿದ್ದರೆ ಬೇಡ. ಇದಕ್ಕಿಂತ ಉದ್ದ ಹೇಳುವ ಅಗತ್ಯ ಇಲ್ಲ.

ಹಂತ 6: ಒಳವ್ಯಾಸವನ್ನೂ ನೋಡಿ

"ಸಾಲ್ವೆಂಟ್ ಉಳಿಸಬೇಕು, ಅದಕ್ಕೆ ಚಿಕ್ಕ ಕಣ" ಅನ್ನುವವರು ಬಹಳ. ಸಾಲ್ವೆಂಟ್ ಉಳಿಸಲು ಕಣ ಬದಲಿಸಲೇಬೇಕಿಲ್ಲ. ಕೊಳವೆ ಸಪೂರ ಮಾಡಿದರೂ ಸಾಕು. 4.6 ಮಿ.ಮೀ. ಬದಲು 3.0 ಮಿ.ಮೀ. ಒಳವ್ಯಾಸ ತಗೊಂಡರೆ 1 ಎಂಎಲ್ ಜಾಗದಲ್ಲಿ ಸುಮಾರು 0.43 ಎಂಎಲ್ ಫ್ಲೋ ಸಾಕು. ಒತ್ತಡ ಅಷ್ಟೇ, ಸಮಯ ಅಷ್ಟೇ. ಅರ್ಧ ಗಂಟೆಯ ರನ್ ದಿನಕ್ಕೆ 20 ಹಾಕಿದರೆ 600 ಎಂಎಲ್ ಹೋಗುತ್ತಿದ್ದದ್ದು 255 ಎಂಎಲ್‌ಗೆ ಇಳಿಯುತ್ತದೆ.

ಅಸಿಟೋನೈಟ್ರೈಲ್ ಬೆಲೆಯನ್ನು ನಂಬುವ ಹಾಗಿಲ್ಲ. ಅದು ಅಕ್ರಿಲೋನೈಟ್ರೈಲ್ ತಯಾರಿಸುವಾಗ ಸಿಗುವ ಉಪ ಉತ್ಪನ್ನ. 2008ರ ಕೊನೆಯಲ್ಲಿ ಅಕ್ರಿಲೋನೈಟ್ರೈಲ್ ಬೇಡಿಕೆ ಕುಸಿದಾಗ ಪ್ರಪಂಚದಾದ್ಯಂತ ಲ್ಯಾಬ್‌ಗಳಿಗೆ ಅಸಿಟೋನೈಟ್ರೈಲ್ ಸಿಗದಂತಾಗಿ 2009ರ ತನಕ ಪರದಾಟ ನಡೆಯಿತು. ಕಡಿಮೆ ಕುಡಿಯುವ ಕಾಲಮ್ ಇದ್ದರೆ ಇಂಥ ಸಮಯದಲ್ಲಿ ಉಸಿರಾಡಬಹುದು.

ಎಚ್ಚರಿಕೆ ಎರಡು. ಹಂತ 2ರ ಅಳತೆ 40 ಬಂದಿದ್ದರೆ 3.0 ಮಿ.ಮೀ.ಗೆ ಮುಂಚೆ ಟ್ಯೂಬ್ ಬದಲಿಸಿ. ಅಳತೆ 25ಕ್ಕೆ ಇಳಿದರೆ 55 ಇದ್ದ ಪೀಕ್ 60ರಲ್ಲೇ ನಿಲ್ಲುತ್ತದೆ. ಎರಡನೆಯದು ಗ್ರೇಡಿಯಂಟ್ ಮಾಡುವವರಿಗೆ, ಅಂದರೆ ರನ್ ನಡೆಯುವಾಗಲೇ ಸಾಲ್ವೆಂಟ್‌ಗಳ ಬೆರಕೆ ಬದಲಿಸುತ್ತಾ ಹೋಗುವವರಿಗೆ. ಸಾಲ್ವೆಂಟ್ ಬೆರೆಯುವ ಜಾಗದಿಂದ ಕಾಲಮ್ ತನಕದ ಪ್ರಮಾಣಕ್ಕೆ ಡ್ವೆಲ್ ವಾಲ್ಯೂಮ್ ಅನ್ನುತ್ತಾರೆ. ಅದು 1 ಎಂಎಲ್ ಇದ್ದರೆ, 0.43 ಫ್ಲೋನಲ್ಲಿ ಗ್ರೇಡಿಯಂಟ್ ಕಾಲಮ್ ತಲುಪಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. 2.1 ಮಿ.ಮೀ. ಕಾಲಮ್‌ನ 0.2 ಫ್ಲೋನಲ್ಲಿ ಐದು ನಿಮಿಷ! ಹಳೆಯ ಯಂತ್ರಕ್ಕೆ 2.1 ಮಿ.ಮೀ. ಬೇಡ ಅನ್ನಲು ಇದೂ ಒಂದು ಕಾರಣ.

ಹಂತ 7: ಫಾರ್ಮಕೋಪಿಯ ಪದ್ಧತಿ ಆದರೆ ಅನುಮತಿ ಎಷ್ಟು?

ಫಾರ್ಮಕೋಪಿಯ ಅಂದರೆ ಔಷಧಗಳನ್ನು ಪರೀಕ್ಷಿಸುವ ಅಧಿಕೃತ ಪದ್ಧತಿಗಳ ಪುಸ್ತಕ. ಪ್ರಾಜೆಕ್ಟ್‌ಗೆ ಸ್ವಂತ ಪದ್ಧತಿ ಮಾಡುವವರು ಈ ಹಂತ ಬಿಡಬಹುದು. ಔಷಧ ಕಂಪನಿಗೆ ರಿಪೋರ್ಟ್ ಕೊಡುವ ಲ್ಯಾಬ್‌ಗಳು ಬಿಡುವ ಹಾಗಿಲ್ಲ.

ಅಮೆರಿಕದ ಫಾರ್ಮಕೋಪಿಯ, ಅಂದರೆ ಯುಎಸ್‌ಪಿಯ 621ನೇ ಅಧ್ಯಾಯ 2022ರ ಡಿಸೆಂಬರ್ 1ರಿಂದ ಹೊಸ ರೂಪದಲ್ಲಿ ಜಾರಿಯಲ್ಲಿದೆ. ಕಾಲಮ್ ಉದ್ದವನ್ನು ಕಣದ ಗಾತ್ರದಿಂದ ಭಾಗಿಸಿದಾಗ ಬರುವ ಅಂಕಿ ಮೂಲ ಪದ್ಧತಿಯದಕ್ಕಿಂತ 25 ಶೇಕಡಾ ಕಡಿಮೆಯಿಂದ 50 ಶೇಕಡಾ ಹೆಚ್ಚಿನ ತನಕ ಇರಬಹುದು. 250 ಮಿ.ಮೀ.ಯನ್ನು 5 ಮೈಕ್ರಾನ್‌ನಿಂದ ಭಾಗಿಸಿದರೆ 50,000. 150 ಮಿ.ಮೀ., 3 ಮೈಕ್ರಾನ್‌ಗೂ 50,000, ಸರಿಹೋಯಿತು. 150 ಮಿ.ಮೀ., 5 ಮೈಕ್ರಾನ್‌ಗೆ 30,000, ಆಗುವುದಿಲ್ಲ. 100 ಮಿ.ಮೀ., 2.7 ಮೈಕ್ರಾನ್‌ಗೆ 37,037. ಕೆಳಗಿನ ಮಿತಿ 37,500, ಕೂದಲೆಳೆಯಲ್ಲಿ ತಪ್ಪಿತು! ಆದರೆ ಕೋರ್-ಶೆಲ್ ಕಣಕ್ಕೆ ಬೇರೆ ದಾರಿ ಇದೆ. ಈ ಭಾಗಾಕಾರದ ಬದಲು ನಿಜವಾಗಿ ಬಂದ ಎನ್ ಅದೇ ಮಿತಿಯೊಳಗೆ ಇದೆ ಎಂದು ತೋರಿಸಬಹುದು. ಏನೇ ಬದಲಿಸಿದರೂ ಸಿಸ್ಟಮ್ ಸೂಟಬಿಲಿಟಿ (ಯಂತ್ರ, ಕಾಲಮ್ ಸರಿಯಾಗಿ ಕೆಲಸ ಮಾಡುತ್ತಿವೆಯೇ ಎನ್ನುವ ಪರೀಕ್ಷೆ) ಪಾಸ್ ಆಗಲೇಬೇಕು. ಸಿ18 ಇದ್ದದ್ದನ್ನು ಸಿ8 ಮಾಡುವ ಹಾಗಿಲ್ಲ. ಇಂಡಿಯನ್ ಫಾರ್ಮಕೋಪಿಯ ಪ್ರಕಾರ ಕೆಲಸ ಮಾಡುವವರು ಯುಎಸ್‌ಪಿ ನಿಯಮವನ್ನೇ ಎತ್ತಿ ಹಾಕದೆ, ಈಗ ಜಾರಿಯಲ್ಲಿರುವ ಆವೃತ್ತಿಯ ಕ್ರೊಮಾಟೊಗ್ರಫಿ ಅಧ್ಯಾಯ ತೆರೆದು ನೋಡಿ.

ಹಂತ 8: ಕೊಟೇಶನ್ ಹೋಲಿಸುವ ರೀತಿ

ಕಾಲಮ್ ಬೆಲೆಯನ್ನಷ್ಟೇ ಹೋಲಿಸಬೇಡಿ. ಒಂದು ಇಂಜೆಕ್ಷನ್‌ಗೆ ಎಷ್ಟು ಬೀಳುತ್ತದೆ ನೋಡಿ. ಸುಮ್ನೆ ಲೆಕ್ಕಕ್ಕೆ ಅಂತ ಅಂಕಿ ಇಟ್ಟುಕೊಳ್ಳೋಣ. ಕಾಲಮ್ 40,000 ರೂಪಾಯಿ, 1000 ಇಂಜೆಕ್ಷನ್ ಬಾಳಿತು, ಅಂದರೆ ಒಂದಕ್ಕೆ 40 ರೂಪಾಯಿ. ರನ್‌ಗೆ 15 ಎಂಎಲ್ ಅಸಿಟೋನೈಟ್ರೈಲ್, ಲೀಟರಿಗೆ 2,000 ರೂಪಾಯಿ ಆದರೆ 30 ರೂಪಾಯಿ. ಒಟ್ಟು 70. ಈಗ 50,000 ರೂಪಾಯಿಯ ಚಿಕ್ಕ ಕಣದ ಕಾಲಮ್. ಸಾಲ್ವೆಂಟ್ 12 ರೂಪಾಯಿಗೆ ಇಳಿಯಿತು. ಇದೂ 1000 ಬಾಳಿದರೆ ಒಟ್ಟು 62, ಲಾಭ. ಶೋಧಿಸದ ಸ್ಯಾಂಪಲ್ ಹಾಕಿ 500ಕ್ಕೇ ಕಟ್ಟಿಕೊಂಡರೆ ಒಟ್ಟು 112, ನಷ್ಟ. ನಿಮ್ಮ ಲ್ಯಾಬ್‌ನ ನಿಜವಾದ ಅಂಕಿ ಹಾಕಿ ನೋಡಿ. ಹಿಂದಿನ ಕಾಲಮ್ ಎಷ್ಟು ಇಂಜೆಕ್ಷನ್ ಬಾಳಿತು ಅನ್ನುವ ಲೆಕ್ಕ ಲಾಗ್‌ಬುಕ್‌ನಲ್ಲಿ ಇಲ್ಲದಿದ್ದರೆ ಇಂದಿನಿಂದಲೇ ಬರೆಯಲು ಶುರು ಮಾಡಿ.

ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯದವರಿಗೆ ಇನ್ನೊಂದು ಮಾತು. ಇಂಡೆಂಟ್‌ನಲ್ಲಿ ಬರೀ "ಸಿ18 ಕಾಲಮ್, 250 × 4.6" ಅಂತ ಬರೆದರೆ ಅತಿ ಕಡಿಮೆ ದರದ ಯಾವುದೋ ಒಂದು ಬರುತ್ತದೆ. ಟೆಂಡರ್ ಆಗಲಿ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಆಗಲಿ, ನೀವು ಬರೆಯದೇ ಇದ್ದದ್ದನ್ನು ಆಮೇಲೆ ಕೇಳುವಂತಿಲ್ಲ. ಕಣದ ಗಾತ್ರ, ಪೂರ್ತಿ ರಂಧ್ರದ್ದೋ ಕೋರ್-ಶೆಲ್ಲೋ, ರಂಧ್ರದ ಅಳತೆ (ಸಣ್ಣ ಔಷಧ ಅಣುಗಳಿಗೆ 100–120 ಆಂಗ್‌ಸ್ಟ್ರಾಮ್), ಹೈ ಪ್ಯೂರಿಟಿ ಸಿಲಿಕಾ, ಎಂಡ್-ಕ್ಯಾಪಿಂಗ್ (ಸಿಲಿಕಾ ಮೇಲೆ ಉಳಿದ ಖಾಲಿ ಜಾಗಗಳನ್ನು ಮುಚ್ಚಿರುವುದು), ಪಿಎಚ್ ವ್ಯಾಪ್ತಿ, ಒತ್ತಡದ ಮಿತಿ, ಕನಿಷ್ಠ ಎನ್, ಆ ಕಾಲಮ್‌ದೇ ಟೆಸ್ಟ್ ಸರ್ಟಿಫಿಕೇಟ್, ಗಾರ್ಡ್ ಕಾರ್ಟ್ರಿಡ್ಜ್ (ಕೊಳಕು ತಡೆಯಲು ಕಾಲಮ್ ಮುಂದೆ ಕೂರಿಸುವ ಪುಟ್ಟ ತುಂಡು), ಎಲ್ಲ ಬರೆಯಿರಿ.

ಒಂದೇ ಕಾಲಮ್‌ಗೆ ದುಡ್ಡಿದ್ದರೆ, 400 ಬಾರ್ ಯಂತ್ರಕ್ಕೆ 150 × 4.6, 5 ಮೈಕ್ರಾನ್ ಕೋರ್-ಶೆಲ್ ತಗೊಳ್ಳಿ. ಎರಡಕ್ಕಿದ್ದರೆ, ಕೊಳಕು ಸ್ಯಾಂಪಲ್‌ಗೆ ಮತ್ತು ಕಲಿಕೆಗೆ ಒಂದು ಸಾಮಾನ್ಯ 150 × 4.6, 5 ಮೈಕ್ರಾನ್. ಇಂಪ್ಯೂರಿಟಿ ಕೆಲಸಕ್ಕೆ ಒಂದು 150 × 4.6, 2.7 ಮೈಕ್ರಾನ್ ಕೋರ್-ಶೆಲ್. ಇದರ ಒತ್ತಡ ಅಸಿಟೋನೈಟ್ರೈಲ್‌ನಲ್ಲಿ 1 ಎಂಎಲ್‌ಗೆ 210 ಬಾರ್ ಆಸುಪಾಸು. ಮೆಥನಾಲ್ ಆದರೆ 100 ಮಿ.ಮೀ.ಗೆ ಇಳಿಯಿರಿ. ಎರಡನ್ನೂ ಒಂದೇ ಕಂಪನಿಯ ಒಂದೇ ಹೆಸರಿನ ಸರಣಿಯಲ್ಲಿ ಕೊಳ್ಳಬೇಕೆಂದೇನಿಲ್ಲ. ಬೇರೆ ಬೇರೆ ಇದ್ದರೆ ಸೆಲೆಕ್ಟಿವಿಟಿ ಪರೀಕ್ಷಿಸಲು ಅನುಕೂಲವೇ.

ಹಂತ 9: ಕಾಲಮ್ ಬಂದ ದಿನ

ಸ್ಯಾಂಪಲ್ ಹಾಕುವ ಮುಂಚೆ ಸರ್ಟಿಫಿಕೇಟ್‌ನಲ್ಲಿ ಕೊಟ್ಟ ಟೆಸ್ಟ್ ಮಿಶ್ರಣ ಅಥವಾ ನಿಮ್ಮದೇ ಒಂದು ಸರಳ ಸ್ಟ್ಯಾಂಡರ್ಡ್ ಓಡಿಸಿ. ಎನ್, ಪೀಕ್ ಆಕಾರ, ಒತ್ತಡ ಬರೆದಿಡಿ. ಫ್ಲೋ ಒಂದೇ ಸಲ ಏರಿಸಬೇಡಿ, 0.2ರಿಂದ ಶುರು ಮಾಡಿ ಹಂತ ಹಂತವಾಗಿ ಏರಿಸಿ. ಹಳೆಯ ಕಾಲಮ್‌ಗೆ ಕೂತಿದ್ದ ಸ್ಟೀಲ್ ಫಿಟ್ಟಿಂಗನ್ನು ಹೊಸದಕ್ಕೆ ಹಾಗೇ ಹಾಕಬೇಡಿ. ಟ್ಯೂಬ್ ತುದಿ ತಳ ಮುಟ್ಟದೆ ಒಳಗೆ ಖಾಲಿ ಜಾಗ ಉಳಿಯಬಹುದು, ಪೀಕ್ ಬಾಲ ಬಿಡುತ್ತದೆ.

3 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣಕ್ಕೆ ಸ್ಯಾಂಪಲ್, ಬಫರ್ ಎರಡನ್ನೂ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಶೋಧಿಸಿ. 5 ಮೈಕ್ರಾನ್‌ಗೆ 0.45 ಸಾಕು. ಫಾಸ್ಫೇಟ್ ಬಫರ್ ಬಾಟಲಿಯನ್ನು ದಿನಗಟ್ಟಲೆ ಇಡಬೇಡಿ, ಸೂಕ್ಷ್ಮಜೀವಿ ಬೆಳೆದು ಫ್ರಿಟ್ ಕಟ್ಟುತ್ತದೆ. ಸಂಜೆ ತೊಳೆಯುವಾಗ ಬಫರ್‌ನಿಂದ ನೇರವಾಗಿ ಶುದ್ಧ ಅಸಿಟೋನೈಟ್ರೈಲ್‌ಗೆ ಹೋದರೆ ಉಪ್ಪು ಒಳಗೇ ಹರಳುಗಟ್ಟುತ್ತದೆ. ಮೊದಲು 10 ಶೇಕಡಾ ಅಸಿಟೋನೈಟ್ರೈಲ್ ಇರುವ ನೀರು, ಆಮೇಲೆ 70–80 ಶೇಕಡಾ.

ಒತ್ತಡ ಏರಿತು ಅಂದ ತಕ್ಷಣ ಕಾಲಮ್ ಮೇಲೆ ಅನುಮಾನ ಬೇಡ. ಡಿಟೆಕ್ಟರ್ ಕಡೆಯಿಂದ ಶುರು ಮಾಡಿ ಒಂದೊಂದೇ ಜೋಡಣೆ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಒತ್ತಡ ಬಿದ್ದುಹೋಗುತ್ತದೋ ಅದಕ್ಕೂ ಅದಕ್ಕೆ ಮುಂಚೆ ಬಿಚ್ಚಿದ್ದಕ್ಕೂ ನಡುವಿನ ಭಾಗವೇ ಕಟ್ಟಿಕೊಂಡಿರುವುದು. ಗಾರ್ಡ್ ಕಾರ್ಟ್ರಿಡ್ಜ್ ಆಗಿದ್ದರೆ ಅದನ್ನು ಬದಲಿಸಿದರೆ ಮುಗಿಯಿತು. ಕಾಲಮ್‌ದೇ ಆದರೆ, ಕಂಪನಿಯ ಕೈಪಿಡಿ ಉಲ್ಟಾ ತಿರುಗಿಸಿ ತೊಳೆಯಲು ಒಪ್ಪುತ್ತದೆಯೇ ನೋಡಿ. ಒಪ್ಪಿದರೆ ತೊಳೆದ ನೀರು ಡಿಟೆಕ್ಟರ್‌ಗೆ ಹೋಗದಂತೆ ಟ್ಯೂಬ್ ಬಿಚ್ಚಿ ಬೀಕರ್‌ಗೆ ಬಿಡಿ.